ನೀರಿನ ಕ್ಯಾನಿಗೆ ಎಷ್ಟು ದೂರ: ಆರನೇ ವಾರದ ಕೆಲಸ

ಮುಳಬಾಗಿಲು ತಾಲ್ಲೂಕಿನ ನಮ್ಮೂರಲ್ಲಿ ಕುಡಿಯುವ ನೀರಿಗೆ ಯಾರು ಎಷ್ಟು ದೂರ ನಡೆಯುತ್ತಾರೆ ಅಂತ ಮನೆಮನೆ ಸಮೀಕ್ಷೆ ಮಾಡುತ್ತಿದ್ದೇನೆ. ಶನಿವಾರ, ಭಾನುವಾರ ಮಾತ್ರ ಕೆಲಸ. ಈ ವಾರಕ್ಕೆ 64 ಮನೆ ಮುಗಿದವು. ಇನ್ನೂ ನಲವತ್ತರ ಹತ್ತಿರ ಬಾಕಿ ಇವೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಕೋಲಾರ ಜಿಲ್ಲೆಯ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಮನೆ ಮುಂದೆ ನಲ್ಲಿ ಇದ್ದರೂ ಕುಡಿಯೋಕೆ ಜನ ಶುದ್ಧ ನೀರಿನ ಘಟಕಕ್ಕೇ ಹೋಗುತ್ತಾರೆ. ನಾಣ್ಯ ಹಾಕಿ 20 ಲೀಟರ್ ಕ್ಯಾನು ತುಂಬಿಸಿಕೊಳ್ಳುತ್ತಾರೆ. ತುಂಬಿದ ಕ್ಯಾನು ಅಂದರೆ 20 ಕೆ.ಜಿ. ಗಾಡಿ ಇದ್ದವರಿಗೆ ಅದು ಏನೂ ಅಲ್ಲ. ಸೊಂಟದ ಮೇಲೆ ಹೊತ್ತು ತರುವವರಿಗೆ ನೂರು ಮೀಟರೂ ದೂರವೇ. ಹೋಗಿ, ಸಾಲಲ್ಲಿ ನಿಂತು, ವಾಪಸ್ ಬರೋದು 30 ನಿಮಿಷದೊಳಗೆ ಆಗಬೇಕು ಅನ್ನೋದು ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯವರು ಒಟ್ಟಿಗೆ ಇಟ್ಟುಕೊಂಡ ಅಳತೆ. ನಾನು ಈ ಸಮಯವನ್ನೂ ಕೇಳುತ್ತೇನೆ, ಮನೆಯ ಜಾಗವನ್ನೂ ಗುರುತಿಸಿಕೊಳ್ಳುತ್ತೇನೆ.

ಪ್ರಶ್ನೆಗಳನ್ನು ಸಮೀಕ್ಷೆ ಫಾರಂ ಮಾಡುವ ಸಾಧನ ಕೋಬೋ ಟೂಲ್‌ಬಾಕ್ಸಲ್ಲಿ ಹಾಕಿದ್ದೇನೆ. ನೆಟ್‌ವರ್ಕ್ ಇಲ್ಲದಿದ್ದರೂ ಫೋನಲ್ಲಿ ನಡೆಯುತ್ತದೆ, ಸಿಗ್ನಲ್ ಸಿಕ್ಕಾಗ ಕಳಿಸಿದರೆ ಸಾಕು. ನಮ್ಮ ಕಡೆ ಅರ್ಧ ಮನೆಗಳಲ್ಲಿ ಮಾತು ತೆಲುಗು. ಅದಕ್ಕೆ ಫಾರಂ ಎರಡು ಭಾಷೆಯಲ್ಲೂ ಇದೆ. ಘಟಕ ಎಷ್ಟು ದೂರ ಅಂತ ಕೇಳಿದರೆ ಬಹಳ ಜನ ‘ದಗ್ಗರೇ’ ಅಂತಾರೆ, ಅಂದರೆ ಹತ್ತಿರವೇ. ಆ ‘ದಗ್ಗರೇ’ ಒಬ್ಬರಿಗೆ 60 ಮೀಟರ್, ಇನ್ನೊಬ್ಬರಿಗೆ 500 ಮೀಟರ್.

ಮನೆಯ ಜಾಗ ಗುರುತಿಸೋಕೆ ಜಿಪಿಎಸ್ ಪ್ರಶ್ನೆ ಇದೆ. ಬಯಲಲ್ಲಿ ನಿಂತರೆ ಐದು ಮೀಟರಿನ ಆಚೀಚೆ ಸಿಗುತ್ತದೆ. ಶೀಟಿನ ಸೂರಿನ ಕೆಳಗೆ, ಜಗಲಿ ಮೇಲೆ ಕೂತು ತೆಗೆದರೆ ಕಥೆ ಬೇರೆ. ಪರದೆ ಮೇಲೆ 32 ಅಂತ ಬರುತ್ತದೆ, ಆಮೇಲೆ 24, ಆಮೇಲೆ 18, ಅಲ್ಲೇ ನಿಂತುಬಿಡುತ್ತದೆ. ನಮ್ಮೂರಲ್ಲಿ ಮನೆಗಳ ಗೋಡೆಗೆ ಗೋಡೆ ಅಂಟಿಕೊಂಡಿದೆ, 18 ಮೀಟರಲ್ಲಿ ನಾಲ್ಕು ಮನೆ ಬರುತ್ತವೆ. ಮೊದಲ ಎರಡು ವಾರ ಇದನ್ನು ಗಮನಿಸಲೇ ಇಲ್ಲ. ಒಂಬತ್ತು ಮನೆ ಮತ್ತೆ ಮಾಡಬೇಕಾಯಿತು. ಈಗ ಮಾತೆಲ್ಲ ಜಗಲಿ ಮೇಲೆ ಮುಗಿಸಿ, ಬೀದಿ ಮಧ್ಯಕ್ಕೆ ಬಂದು ಫೋನ್ ಹಿಡಿದು ನಿಲ್ಲುತ್ತೇನೆ. ಜೊತೆಗೆ ಬರುವ ನನ್ನ ಚಿಕ್ಕಮ್ಮ ಬಾಗಿಲ ಪಕ್ಕದ ಗುರುತನ್ನೂ ಹೇಳುತ್ತಾರೆ: ನೀಲಿ ಬಾಗಿಲು, ನುಗ್ಗೆ ಮರ, ಮೀಟರ್ ಬೋರ್ಡ್. ಮನೆ ತಪ್ಪದಂತೆ ನೋಡಿಕೊಂಡಿದ್ದು ಜಾಸ್ತಿ ಆ ಗುರುತುಗಳೇ.

ಕಳೆದ ವಾರ ಒಂದು ಸಂಜೆ ಪೂರ್ತಿ ಹಾಳಾಯಿತು. ಮನೆ ಬಿಂದುಗಳನ್ನು ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿ ಘಟಕಕ್ಕೆ ದೂರ ಲೆಕ್ಕ ಹಾಕಿದೆ. 0.0021 ಅಂತ ಬಂತು. ಅದು ಡಿಗ್ರಿ, ಮೀಟರ್ ಅಲ್ಲ. ಮೀಟರಿಗೆ ತರೋಕೆ ಯುಟಿಎಂ ವಲಯ ಆರಿಸಬೇಕು. ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ, ಒಂದೊಂದಕ್ಕೂ ನಂಬರು ಕೊಟ್ಟು, ಮೀಟರಲ್ಲಿ ಅಳೆಯುವ ಪದ್ಧತಿ ಅದು. ಕರ್ನಾಟಕ ಅಂದರೆ 43ನೇ ವಲಯ ಅಂತ ಎಲ್ಲೋ ಓದಿದ್ದು ತಲೆಯಲ್ಲಿತ್ತು. ಆದರೆ 43 ಮುಗಿಯೋದು 78 ಡಿಗ್ರಿ ರೇಖಾಂಶಕ್ಕೆ. ಆ ಗೆರೆ ನಮ್ಮ ಜಿಲ್ಲೆಯೊಳಗೇ ಹಾದುಹೋಗುತ್ತದೆ. ಮಾಲೂರು 43ರಲ್ಲಿ, ಕೋಲಾರ ಮತ್ತು ಮುಳಬಾಗಿಲು 44ರಲ್ಲಿ. ನಾನು 44ರಲ್ಲಿ ಉಳಿಸಿದ ಫೈಲಿಗೆ 43 ಅಂತ ಹಣೆಪಟ್ಟಿ ಹಚ್ಚಿದ್ದೆ. ಎಲ್ಲ ಮನೆಗಳೂ ಸುಮಾರು 650 ಕಿ.ಮೀ. ಪಶ್ಚಿಮಕ್ಕೆ, ಅರಬ್ಬೀ ಸಮುದ್ರಕ್ಕೆ ಹೋಗಿ ಕೂತಿದ್ದವು. ಸರಿಯಾಗಿ 43ಕ್ಕೆ ಪರಿವರ್ತಿಸಿದ್ದರೆ ಅಷ್ಟೇನೂ ತೊಂದರೆ ಇರಲಿಲ್ಲ. ದೂರದಲ್ಲಿ ಕಿಲೋಮೀಟರಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, ಅಷ್ಟೇ. ಹಣೆಪಟ್ಟಿ ಬದಲಿಸೋದು ಬೇರೆ, ಪರಿವರ್ತಿಸೋದು ಬೇರೆ. ಕೋಲಾರದ ಕಡೆ ಕೆಲಸ ಮಾಡುವವರು ಇದನ್ನೊಂದು ನೆನಪಿಟ್ಟುಕೊಳ್ಳಿ.

ಈ ವಾರದ ಮುಖ್ಯ ವಿಷಯ ಇನ್ನು ಮುಂದಿದೆ.

ಯಾರು ಬೇಕಾದರೂ ಸೇರಿಸಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ನಮ್ಮೂರಿಗೆ ಮುಖ್ಯ ರಸ್ತೆ ಒಂದೇ ಇತ್ತು. ಸಂದಿಗಳನ್ನೆಲ್ಲ ನಾನೇ ನಡೆದು ಸೇರಿಸಿದೆ. ಆಮೇಲೆ ಪ್ರತಿ ಮನೆಯಿಂದ ಘಟಕಕ್ಕೆ ಅತಿ ಹತ್ತಿರದ ದಾರಿ ಹುಡುಕಿಸಿದೆ. ಕೆಳಗಿನ ಕೇರಿಯ ಒಂದು ಮನೆಗೆ ಕಾಗೆ ಹಾರಿದ ಹಾಗೆ ಅಳೆದರೆ 140 ಮೀಟರ್, ಸಂದಿಯಲ್ಲಿ ನಡೆದರೆ 190. ಆದರೆ ಆ ಮನೆಯ ಅಮ್ಮ ಹೋಗಿಬರೋಕೆ ಹೇಳಿದ ಸಮಯ ಇದಕ್ಕೆ ಹೊಂದಲಿಲ್ಲ. ಸಮಯ ಸುಮ್ನೆ ಅಂದಾಜಿಗೆ ಹೇಳಿರಬೇಕು ಅಂದುಕೊಂಡೆ. ಭಾನುವಾರ ಮತ್ತೆ ಹೋಗಿ ಕೇಳಿದಾಗ, ‘ಬಾಪ್ಪಾ, ತೋರಿಸ್ತೀನಿ’ ಅಂತ ಖಾಲಿ ಕ್ಯಾನು ಎತ್ತಿಕೊಂಡು ಹೊರಟೇಬಿಟ್ಟರು. ಹತ್ತು ಸೆಕೆಂಡಿಗೊಂದು ಬಿಂದು ಬೀಳುವಂತೆ ಫೋನ್ ಇಟ್ಟುಕೊಂಡು ಹಿಂದೆ ನಡೆದೆ. ಅವರು ಸಂದಿಗೆ ತಿರುಗಲೇ ಇಲ್ಲ. ನೇರ ಹೋಗಿ ಮುಖ್ಯ ರಸ್ತೆ ಸುತ್ತಿ ಬಂದರು. ಗೆರೆ ಅಳೆದರೆ 430 ಮೀಟರ್.

‘ಈ ಸಂದೀಲಿ ಹೋಗಬಹುದಲ್ವಾ ಅಮ್ಮ?’ ಅಂದೆ.

‘ಆ ಸಂದೀಲಿ ನಾವು ಹೋಗಲ್ಲಪ್ಪ. ಬರಬೇಡಿ ಅಂತ ಈಗ ಯಾರೂ ಅನ್ನಲ್ಲ. ಆದ್ರೂ ಹೋಗಲ್ಲ.’

ಸಂದಿ ಮೇಲಿನ ಕೇರಿಯವರ ಬಾಗಿಲುಗಳ ಮುಂದೆ ಹಾದುಹೋಗುತ್ತದೆ. ನಾನು ಹುಟ್ಟಿ ಬೆಳೆದ ಊರು. ಆ ಸಂದಿಯಲ್ಲಿ ಸಾವಿರ ಸಲ ಓಡಾಡಿದ್ದೇನೆ. ಅದು ನನಗೆ ದಾರಿ, ಅವರಿಗೆ ಗೋಡೆ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅವತ್ತು ಮಧ್ಯಾಹ್ನ ಅದೇ ಕೇರಿಯ ಇನ್ನೂ ಹತ್ತು ಮನೆಯಲ್ಲಿ ಕೇಳಿದೆ. ಎಂಟು ಮನೆಯವರು ರಸ್ತೆ ಸುತ್ತಿಯೇ ಹೋಗುತ್ತಾರೆ.

ಹತ್ತಿರದ ದಾರಿ ಹುಡುಕುವ ಲೆಕ್ಕ, ನಕ್ಷೆಯಲ್ಲಿರುವ ಪ್ರತಿ ಸಂದಿಯೂ ಪ್ರತಿಯೊಬ್ಬರಿಗೂ ತೆರೆದಿದೆ ಅಂತ ಹಿಡಿದುಕೊಳ್ಳುತ್ತದೆ. ನಾನೂ ಹಾಗೇ ಹಿಡಿದುಕೊಂಡಿದ್ದೆ. ಈಗ ಫಾರಂ ಬದಲಾಯಿಸಿದ್ದೇನೆ. ದೂರವನ್ನು ಕಂಪ್ಯೂಟರಿಂದ ತೆಗೆಯದೆ, ಜನ ನಡೆದು ತೋರಿಸಿದ ಗೆರೆಯಿಂದಲೇ ತೆಗೆಯುತ್ತೇನೆ. ಕಂಪ್ಯೂಟರ್ ಕೊಟ್ಟ ದೂರವನ್ನೂ ಪಕ್ಕದಲ್ಲಿ ಇಡುತ್ತೇನೆ. ಎರಡರ ನಡುವಿನ ವ್ಯತ್ಯಾಸವೇ ನನಗೆ ಬೇಕಾದ ಅಂಕಿ. ಮುಗಿದ 64ರಲ್ಲಿ ದಾರಿ ಕೇಳದ ಮನೆಗಳಿಗೆಲ್ಲ ಮತ್ತೆ ಹೋಗಬೇಕು, ಹೋಗುತ್ತೇನೆ.

ಇದರಿಂದ ಇನ್ನೊಂದು ಚಿಂತೆ ಹತ್ತಿದೆ. ಈ ನಕ್ಷೆಯನ್ನು ಯಾರಿಗೆ ಹೇಗೆ ತೋರಿಸೋದು? ಹಲವು ದೇಶಗಳ ಜನಸಂಖ್ಯೆ, ಆರೋಗ್ಯದ ಮನೆಮನೆ ಸಮೀಕ್ಷೆಯಾದ ಡಿಎಚ್‌ಎಸ್‌ನಲ್ಲಿ, ಜನರ ಗುರುತು ಸಿಗದಿರಲಿ ಅಂತ ಜಾಗದ ಬಿಂದುಗಳನ್ನು ಬೇಕಂತಲೇ ಸರಿಸುತ್ತಾರೆ. ನಗರದಲ್ಲಿ 2 ಕಿ.ಮೀ. ತನಕ, ಹಳ್ಳಿಯಲ್ಲಿ 5 ಕಿ.ಮೀ. ತನಕ, ಹಳ್ಳಿಗಳಲ್ಲಿ ನೂರಕ್ಕೆ ಒಂದನ್ನು 10 ಕಿ.ಮೀ. ತನಕ. ದೇಶದ ನಕ್ಷೆಗೆ ಅದು ಸರಿ. ನಾನು ಹಾಗೆ ಸರಿಸಿದರೆ ಮನೆ ಪಕ್ಕದೂರಿಗೆ ಹೋಗುತ್ತದೆ. 100 ಮೀಟರಿನ ಚೌಕಗಳಲ್ಲಿ ಬಣ್ಣ ತುಂಬಿ ನೋಡಿದೆ. ನಮ್ಮೂರವರು ಒಂದೇ ನೋಟಕ್ಕೆ ಇದು ಯಾವ ಕೇರಿ ಅಂತ ಹೇಳಿಬಿಡುತ್ತಾರೆ. ಆ ಅಮ್ಮ ನನ್ನ ನಂಬಿ ನಡೆದು ತೋರಿಸಿದ ದಾರಿ ಅದು. ಅದರಿಂದ ಅವರಿಗೆ ಒಂದು ಕೆಟ್ಟ ಮಾತೂ ಬರಬಾರದು. ಸದ್ಯಕ್ಕೆ ಗೆರೆಗಳೆಲ್ಲ ನನ್ನ ಲ್ಯಾಪ್‌ಟಾಪಲ್ಲಿ ಬೀಗ ಹಾಕಿ ಇವೆ. ಪಂಚಾಯಿತಿಗೆ ಏನು ಕೊಡಬೇಕು ಅನ್ನೋದನ್ನು ಮೊದಲು ಕೆಳಗಿನ ಕೇರಿಯವರ ಜೊತೆ ಕೂತು ಕೇಳುತ್ತೇನೆ. ಎರಡನೇ ಘಟಕ ಬೇಕು ಅಂತ ಅರ್ಜಿ ಹಾಕೋದಾದರೆ ನಕ್ಷೆ ಅವರದೇ ಕೈಯಲ್ಲಿ ಇರಲಿ ಅಂತ ನನ್ನ ಆಸೆ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ, ಘಟಕದ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಸಾಲು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಇನ್ನೂ ಅಳೆದಿಲ್ಲ.