ಜಾನೆಟ್ ಮಾಕ್ ಕೇಳಿದ ಮರುಪ್ರಶ್ನೆ

ಅಮೆರಿಕದ ಟೆಲಿವಿಷನ್ ಬರಹಗಾರ್ತಿ, ನಿರ್ದೇಶಕಿ ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಹೋರಾಟಗಾರ್ತಿ ಜಾನೆಟ್ ಮಾಕ್ ಒಬ್ಬ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟ ಹೆಣ್ಣು. ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ಅವರ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಯಿಂದಲೇ ಮಾತು ತೆಗೆಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು 2014ರ ಎರಡು ಸಂದರ್ಶನಗಳು. ಆ ವರ್ಷ ತಮ್ಮ ಆತ್ಮಕಥೆ ಪ್ರಕಟವಾದಾಗ ಮಾಕ್ ಸಿಎನ್‌ಎನ್ ವಾಹಿನಿಯಲ್ಲಿ ನಿರೂಪಕ ಪಿಯರ್ಸ್ ಮಾರ್ಗನ್ ಅವರ ಎದುರು ಕುಳಿತಿದ್ದರು. ಮಾಕ್ ಪುಸ್ತಕದ ಬಗ್ಗೆ ಮಾತನಾಡುತ್ತಿದ್ದರೆ, ಪರದೆಯ ಕೆಳಗಿನ ಪಟ್ಟಿಯಲ್ಲಿ ಅವರು ಹದಿನೆಂಟರವರೆಗೆ ಹುಡುಗನಾಗಿದ್ದರು ಎಂಬ ಸಾಲು ಕಾಣಿಸಿಕೊಂಡಿತು. ತಾನು ಎಂದೂ ಹುಡುಗಿಯೇ ಎಂದು ಪುಸ್ತಕದುದ್ದಕ್ಕೂ ಹೇಳಿಕೊಂಡವರಿಗೆ ಅದು ಹೇಗೆ ತಟ್ಟಿರಬೇಡ! ಅವರು ಬಹಿರಂಗವಾಗಿಯೇ ಆಕ್ಷೇಪಿಸಿದರು.

ಕೆಲವೇ ತಿಂಗಳಲ್ಲಿ ಫ್ಯೂಷನ್ ವಾಹಿನಿಯಲ್ಲಿ ಮಾಕ್ ಅವರೇ ಸಂದರ್ಶಕಿಯಾದರು. ನಿರೂಪಕಿ ಅಲಿಸಿಯಾ ಮೆನೆಂಡೆಜ್ ಅವರ ಒಪ್ಪಿಗೆಯ ಮೇರೆಗೇ ನಡೆದ ಈ ಅದಲುಬದಲಿನಲ್ಲಿ, ಟ್ರಾನ್ಸ್ ಮಹಿಳೆಯರಿಗೆ ಎದುರಾಗುವ ಪ್ರಶ್ನೆಗಳನ್ನೆಲ್ಲ ಅವರು ನಿರೂಪಕಿಯತ್ತ ತಿರುಗಿಸಿದರು. ನಿಮ್ಮ ಗುಪ್ತಾಂಗ ಯಾವುದು ಎಂಬುದನ್ನೂ ಬಿಡದೆ, ನಗುಮುಖದಲ್ಲೇ ಕೇಳಿದರು. ಮೊದಲೇ ಗೊತ್ತಿದ್ದ ನಿರೂಪಕಿಯೂ ಮುಜುಗರಪಟ್ಟರು.

1983ರಲ್ಲಿ ಹೊನೊಲುಲುವಿನಲ್ಲಿ, ಹವಾಯಿಯ ಮೂಲನಿವಾಸಿ ತಾಯಿ ಮತ್ತು ಆಫ್ರಿಕನ್-ಅಮೆರಿಕನ್ ತಂದೆಗೆ ಹುಟ್ಟಿದ ಮಾಕ್, ಶಸ್ತ್ರಚಿಕಿತ್ಸೆಯ ಹಣ ಹೊಂದಿಸಲು ಹದಿಹರೆಯದಲ್ಲಿ ಲೈಂಗಿಕ ವೃತ್ತಿ ಮಾಡಬೇಕಾಗಿ ಬಂದುದನ್ನು ಮುಚ್ಚಿಟ್ಟವರಲ್ಲ. ನಂತರ ನ್ಯೂಯಾರ್ಕಿನಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಪಡೆದು, ಪೀಪಲ್ ಪತ್ರಿಕೆಯ ಜಾಲತಾಣದಲ್ಲಿ ಸಂಪಾದಕಿಯಾದರು. 2011ರಲ್ಲಿ ಮಾರೀ ಕ್ಲೇರ್ ಪತ್ರಿಕೆ ಅವರ ಕಥೆಯನ್ನು ಪ್ರಕಟಿಸಿತಾದರೂ ಅದನ್ನು ಬರೆದವರು ಬೇರೆಯವರು. ಶೀರ್ಷಿಕೆ ಮತ್ತದೇ ‘ಹುಡುಗನಾಗಿ ಹುಟ್ಟಿದೆ’ ಎಂಬ ಧಾಟಿಯದು. ಆತ್ಮಕಥೆ ಬರೆಯಲು ಈ ಬೇಸರವೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ.

2018ರಲ್ಲಿ ಆರಂಭವಾದ ‘ಪೋಸ್’ ಧಾರಾವಾಹಿಗೆ ಬರಹಗಾರ್ತಿಯಾಗಿ ಸೇರಿದ ಅವರು, ಅದರ ಒಂದು ಕಂತನ್ನು ಸಹಲೇಖಕಿಯಾಗಿ ಬರೆದು ತಾವೇ ನಿರ್ದೇಶಿಸಿದರು. ಬಿಳಿಯರಲ್ಲದ ಟ್ರಾನ್ಸ್ ಮಹಿಳೆಯೊಬ್ಬರು ಅಮೆರಿಕದ ಟೆಲಿವಿಷನ್ನಿನಲ್ಲಿ ಹೀಗೆ ಮಾಡಿದ್ದು ಅದೇ ಮೊದಲು. 1980ರ ದಶಕದ ನ್ಯೂಯಾರ್ಕಿನ ಆ ಕಥೆಯಲ್ಲಿ ಸ್ಟಾನ್ ಎಂಬ ವಿವಾಹಿತನ ಪ್ರೇಯಸಿ ಏಂಜಲ್, ಒಬ್ಬ ಟ್ರಾನ್ಸ್ ಹೆಣ್ಣುಮಗಳು. ಮಾಕ್ ನಿರ್ದೇಶಿಸಿದ ಕಂತಿನಲ್ಲಿ ಅವನ ಹೆಂಡತಿ ಪ್ಯಾಟಿ ಅವಳನ್ನು ಹುಡುಕಿಕೊಂಡು ಬಂದು, ನೀನು ಟ್ರಾನ್ಸ್ ಎಂಬುದು ನಿಜವಾದರೆ ನಿನ್ನ ಗುಪ್ತಾಂಗ ತೋರಿಸು ಎನ್ನುತ್ತಾಳೆ. ಏಂಜಲ್ ಒಪ್ಪುವುದಿಲ್ಲ, ತಾನು ಯಾರೆಂದು ತಿಳಿಯಬೇಕಾದರೆ ನೋಡಬೇಕಾದ ಜಾಗ ಅದಲ್ಲ ಎಂಬರ್ಥದ ಮಾತನ್ನಷ್ಟೇ ಹೇಳುತ್ತಾಳೆ. ಸ್ಟುಡಿಯೋದಲ್ಲಿ ನಿರೂಪಕಿಗೆ ಹಾಕಿದ ಮರುಪ್ರಶ್ನೆಗಿಂತ ಈ ನಿರಾಕರಣೆಯೇ ಗಟ್ಟಿಯಾದದ್ದು, ಏಕೆಂದರೆ ಇಲ್ಲಿ ಪ್ರಶ್ನೆ ಕೇಳುವವಳೂ ನೊಂದವಳೇ, ಅವಳನ್ನು ಚಿತ್ರಕಥೆ ಎಲ್ಲಿಯೂ ಹಗುರ ಮಾಡುವುದಿಲ್ಲ.

2019ರಲ್ಲಿ ನೆಟ್‌ಫ್ಲಿಕ್ಸ್ ಅವರೊಂದಿಗೆ ಬಹುವರ್ಷದ ಒಪ್ಪಂದ ಮಾಡಿಕೊಂಡಿತು. ಆದರೂ 2021ರಲ್ಲಿ ‘ಪೋಸ್’ನ ಕೊನೆಯ ಸೀಸನ್ನಿನ ಉದ್ಘಾಟನಾ ವೇದಿಕೆಯಲ್ಲಿ, ಕಂತೊಂದಕ್ಕೆ ತಮಗೆ ಸಿಗುತ್ತಿದ್ದ 40,000 ಡಾಲರ್ ಸಂಭಾವನೆ ಕಡಿಮೆಯೆಂದು ಅವರು ಸಿಟ್ಟಿನಿಂದಲೇ ಹೇಳಿದರು. ಅಷ್ಟು ಹಣ ಸಾಲದೇ ಎಂದು ಹುಬ್ಬೇರಿಸಿದವರಿದ್ದಾರೆ. ಆದರೆ ತಮ್ಮ ಸಮುದಾಯದ ಬದುಕನ್ನೇ ಕಥೆಯಾಗಿಸಿಕೊಂಡ ಧಾರಾವಾಹಿಯಲ್ಲಿ ದುಡಿದವರು ದುಡಿಮೆಯ ಬೆಲೆ ಕೇಳುವುದರಲ್ಲಿ ನನಗಂತೂ ತಪ್ಪೇನೂ ಕಾಣುವುದಿಲ್ಲ.