ಈಸ್ಟರ್ ಸೋಮವಾರದಿಂದ ಮುಂದೆ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದುದ್ದಕ್ಕೂ ಕಟ್ಟುನಿಟ್ಟಾಗಿ ನಡೆದವರೇ ಈಸ್ಟರ್ ಮುಗಿದ ಸೋಮವಾರ ಸಡಿಲಾಗುತ್ತಾರೆ. ಬಿಟ್ಟಿದ್ದ ಮಾಂಸ, ಸಿಹಿ, ಮೊಬೈಲು ಎಲ್ಲ ಅಂದೇ ವಾಪಸ್ಸು ಬರುತ್ತವೆ. ಅವು ಬರಲಿ, ಹಬ್ಬವಲ್ಲವೇ? ಆದರೆ ಅವು ಬಾಗಿಲಲ್ಲಿ ಕಾಲಿಡುವ ಹೊತ್ತಿಗೇ ಬೆಳಗಿನ ಪ್ರಾರ್ಥನೆ, ಬೈಬಲ್ ವಾಚನ, ಬಡವರಿಗೆಂದು ತೆಗೆದಿಡುತ್ತಿದ್ದ ಹಣ ಎಲ್ಲವೂ ಹೊರಟುಹೋಗುತ್ತವೆ. ಇದಕ್ಕೆ ಸೋಮಾರಿತನವೊಂದನ್ನೇ ದೂರಬೇಕಿಲ್ಲ. 40 ದಿನಗಳ ತಪಸ್ಸಿಗೆ ಇಂಥದ್ದು ಬಿಡಬೇಕು, ಇಂಥದ್ದು ಮಾಡಬೇಕು ಎಂಬ ಕ್ರಮ ನಮ್ಮಲ್ಲಿದೆ. ಅದರ ಬೆನ್ನಿಗೇ ಬರುವ 50 ದಿನಗಳ ಪಾಸ್ಕಕಾಲಕ್ಕೆ ಹೆಚ್ಚಿನ ಮನೆಗಳಲ್ಲಿ ಯಾವ ಕ್ರಮವೂ ಇಲ್ಲ. ಈಸ್ಟರ್ ಭಾನುವಾರದಿಂದ ಪವಿತ್ರಾತ್ಮರ ಆಗಮನದ ಪೆಂತೆಕೋಸ್ತ್ ಹಬ್ಬದವರೆಗಿನ ಈ ಅವಧಿಯನ್ನು ಧರ್ಮಸಭೆ ಒಂದೇ ಹಬ್ಬದಂತೆ, ಒಂದು ‘ಮಹಾ ಭಾನುವಾರ’ದಂತೆ ಆಚರಿಸುತ್ತದೆ. ತಪಸ್ಸಿಗಿಂತ ಹಬ್ಬವೇ ಹತ್ತು ದಿನ ಉದ್ದ.

ಹಳೆಯ ಬದುಕಿಗೆ ಮರಳುವುದಕ್ಕೂ ಪುನರುತ್ಥಾನಕ್ಕೂ ಇರುವ ವ್ಯತ್ಯಾಸವನ್ನು ಯೊವಾನ್ನನ ಶುಭಸಂದೇಶ ಬಟ್ಟೆಯೊಂದರಲ್ಲಿ ತೋರಿಸುತ್ತದೆ. ಹನ್ನೊಂದನೆಯ ಅಧ್ಯಾಯದಲ್ಲಿ ಯೇಸು ಮರಳಿ ಬದುಕಿಸಿದ ಲಾಜರ ಸಮಾಧಿಯಿಂದ ಹೊರಬಂದಾಗ ಕೈಕಾಲಿನ ಕಟ್ಟುಗಳು ಹಾಗೇ ಇವೆ, ಮುಖಕ್ಕೆ ಸುತ್ತಿದ ವಸ್ತ್ರವೂ ಇದೆ. ಅದನ್ನು ಬೇರೆಯವರು ಬಿಚ್ಚಬೇಕಾಯಿತು. ಇಪ್ಪತ್ತನೆಯ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಯೇಸುವಿನ ಸಮಾಧಿಯೊಳಗೆ ಹೋದಾಗ ನಾರುಬಟ್ಟೆಗಳು ಅಲ್ಲೇ ಬಿದ್ದಿವೆ. ತಲೆಗೆ ಸುತ್ತಿದ್ದ ವಸ್ತ್ರವನ್ನು ಅವುಗಳ ಜೊತೆ ಬಿಡದೆ ಬೇರೆ ಕಡೆ ಸುತ್ತಿಡಲಾಗಿದೆ. ಲಾಜರ ಮತ್ತೊಮ್ಮೆ ಸಾಯಲಿದ್ದವನು, ಅವನಿಗೆ ಆ ಬಟ್ಟೆ ಮತ್ತೆ ಬೇಕಾಗುತ್ತಿತ್ತು. ಯೇಸುವಿಗೆ ಇನ್ನೆಂದೂ ಬೇಕಿಲ್ಲ. ಸೋಮವಾರ ನಾವು ಬಿಟ್ಟ ಚಟವನ್ನೋ ಬಿಟ್ಟ ಜಗಳವನ್ನೋ ಮತ್ತೆ ಎತ್ತಿಕೊಂಡರೆ, ಸುತ್ತಿಟ್ಟ ಆ ವಸ್ತ್ರವನ್ನು ಬಿಚ್ಚಿ ತಲೆಗೆ ಕಟ್ಟಿಕೊಂಡಂತೆಯೇ.

ಈಸ್ಟರ್ ಹಿಂದಿನ ದಿನದ ಪಾಸ್ಕ ಜಾಗರಣೆಯ ರಾತ್ರಿ ಕೈಯಲ್ಲಿ ಮೇಣದಬತ್ತಿ ಹಿಡಿದು ಜ್ಞಾನಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸುತ್ತೇವೆ. ತ್ಯಜಿಸುವೆವೋ ಎಂದು ಮೂರು ಪ್ರಶ್ನೆ, ವಿಶ್ವಾಸಿಸುವೆವೋ ಎಂದು ಮೂರು. ನೂರಾರು ದನಿಗಳ ನಡುವೆ ಆರೂ ಉತ್ತರ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತವೆ, ಯಾವುದನ್ನು ತ್ಯಜಿಸಿದೆವು ಎಂದು ಯೋಚಿಸಲೂ ಸಮಯವಿರುವುದಿಲ್ಲ. ಆದ್ದರಿಂದ ಪಾಸ್ಕಕಾಲದ ಪ್ರತಿ ಭಾನುವಾರ ರಾತ್ರಿ ಅದೇ ಆರು ಪ್ರಶ್ನೆಗಳನ್ನು ಒಬ್ಬರೇ ಕುಳಿತು ಓದಿಕೊಳ್ಳುವುದು ಒಳ್ಳೆಯದು. ‘ಪಾಪ’ ಎಂಬಲ್ಲಿ ನಿಲ್ಲಿ. ಆ ವಾರದ ಒಂದು ನಿಜವಾದ ಹೆಸರು ಅಲ್ಲಿಡಿ: ಕಚೇರಿಯಲ್ಲಿ ಹೇಳಿದ ಇಂಥ ಸುಳ್ಳು, ಮಗುವಿನ ಮೇಲೆ ತೀರಿಸಿಕೊಂಡ ಇಂಥ ಕೋಪ. ಹೆಸರಿಡದ ಪಾಪವನ್ನು ಬಿಡಲಾಗುವುದಿಲ್ಲ.

ಓದಲು, ಆದಿ ಧರ್ಮಸಭೆಯ ಕಥೆ ಹೇಳುವ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಿಗಿಂತ ಹೊಂದುವ ಪುಸ್ತಕ ಇಲ್ಲ; ಈ ದಿನಗಳ ಬಲಿಪೂಜೆಯ ಮೊದಲ ವಾಚನವೂ ಅದರಿಂದಲೇ. ಒಟ್ಟು 28 ಅಧ್ಯಾಯ, ವಾರಕ್ಕೆ ನಾಲ್ಕರಂತೆ ಏಳು ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಯೇಸುವಿನ ಯಾತನೆಯನ್ನು 14 ಘಟ್ಟಗಳಲ್ಲಿ ಧ್ಯಾನಿಸುವ ಶಿಲುಬೆ ಹಾದಿಯ ಜಾಗದಲ್ಲಿ ಬೆಳಕಿನ ಹಾದಿಯನ್ನು ಹಿಡಿಯಬಹುದು. ಬರಿದಾದ ಸಮಾಧಿಯಿಂದ ಪವಿತ್ರಾತ್ಮರ ಆಗಮನದವರೆಗೆ ಅದರಲ್ಲೂ 14 ಘಟ್ಟಗಳಿವೆ, ವಾರಕ್ಕೆ ಎರಡು. ಒಂದು ವಾರ ತಪ್ಪಿದರೆ ಬಾಕಿ ತೀರಿಸುವ ಗೋಜಿಗೆ ಹೋಗದೆ ಆ ವಾರದ ಭಾಗಕ್ಕೇ ಬನ್ನಿ. ಬಾಕಿಯೆಲ್ಲ ಒಟ್ಟಿಗೆ ಓದುತ್ತೇನೆ ಎಂದು ಹೊರಟವರೇ ನಡುವೆ ಕೈಬಿಡುವುದು ಹೆಚ್ಚು. ಸಾಧ್ಯವಾದರೆ ಭಾನುವಾರದ ಮನೆಪ್ರಾರ್ಥನೆಯನ್ನು ನಿಂತು ಮಾಡಿ. ಭಾನುವಾರಗಳಲ್ಲೂ ಪಾಸ್ಕದ ಈ ದಿನಗಳಲ್ಲೂ ಮೊಣಕಾಲೂರದೆ ನಿಂತು ಪ್ರಾರ್ಥಿಸಬೇಕೆಂದು 325ರಲ್ಲಿ ನಿಸೆಯದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ತನ್ನ 20ನೆಯ ನಿಯಮದಲ್ಲಿ ಹೇಳಿತ್ತು. ಎದ್ದವರ ಜೊತೆ ಎದ್ದು ನಿಲ್ಲುವುದನ್ನು ದೇಹವೂ ಕಲಿಯಬೇಕು.

ಇವೆಲ್ಲ ಸುಲಭದವು. ಕಷ್ಟದ್ದು ಕೆಂಡದ ಪಕ್ಕ ಇದೆ.

ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ ಪೇತ್ರ ಮೂರು ಸಲ ಯೇಸುವನ್ನು ಅಲ್ಲಗಳೆದ. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಯೇಸು ಅವನಿಗಾಗಿ ಮತ್ತೆ ಕೆಂಡವನ್ನೇ ಹೊತ್ತಿಸಿ, ಮೀನು ಮತ್ತು ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ಆ ಬೆಂಕಿಗೆ ಯೊವಾನ್ನ ಬಳಸಿದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಪೇತ್ರನ ಮೂಗಿಗೆ ಅದೇ ಹೊಗೆ ಬಡಿದಿರಬೇಕು. ಮುಂದೆ ನಡೆದದ್ದರ ಕ್ರಮ ಗಮನಿಸಿ. ಮೊದಲು ಊಟ, ಊಟವಾದ ಮೇಲೆಯೇ ಮಾತು. ‘ಯಾಕೆ ಹಾಗೆ ಮಾಡಿದೆ’ ಎಂಬ ಪ್ರಶ್ನೆ ಇಲ್ಲ, ‘ನನ್ನನ್ನು ಪ್ರೀತಿಸುತ್ತೀಯಾ’ ಎಂಬುದಷ್ಟೇ, ಅದೂ ಅಲ್ಲಗಳೆದಷ್ಟೇ ಸಲ. ಪ್ರತಿ ಉತ್ತರದ ಬೆನ್ನಿಗೂ ಕುರಿಗಳನ್ನು ನೋಡಿಕೊಳ್ಳುವ ಕೆಲಸ.

ಮನೆಯೊಳಗಿನ ರಾಜಿ ಮುರಿದುಬೀಳುವುದು ಈ ಕ್ರಮ ತಿರುವುಮುರುವಾದಾಗ. ಬಂದವರು ಕೂರುವ ಮೊದಲೇ ಲೆಕ್ಕ ಕೇಳುತ್ತೇವೆ. ಅಥವಾ ಕ್ಷಮಿಸಿದೆ ಎನ್ನುತ್ತೇವೆ, ಆದರೆ ಅವರ ಕೈಗೆ ಮತ್ತೆ ಯಾವ ಜವಾಬ್ದಾರಿಯನ್ನೂ ಕೊಡುವುದಿಲ್ಲ. ತಾನು ಇನ್ನೂ ಆರೋಪಿಯೇ ಎಂದು ಅವರಿಗೆ ಅದರಿಂದಲೇ ತಿಳಿಯುತ್ತದೆ. ಚಿಕ್ಕದೊಂದು ಕೆಲಸ ಒಪ್ಪಿಸಿ ನೋಡಿ, ಮಾತಿಗಿಂತ ಬೇಗ ಅದು ಮುಟ್ಟುತ್ತದೆ. ಇಷ್ಟಾದರೂ ಕ್ಷಮೆ ಗಾಯವನ್ನು ಅಳಿಸಬೇಕೆಂದಿಲ್ಲ. ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಇತ್ತು, ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಹೊಡೆಯುವ, ಹಿಂಸಿಸುವ ವ್ಯಕ್ತಿಯ ಬಳಿಗೆ ಕ್ಷಮೆಯ ಹೆಸರಿನಲ್ಲಿ ಯಾರನ್ನೂ ಮರಳಿ ಕಳಿಸಬಾರದು. ದೂರದಲ್ಲಿ ಸುರಕ್ಷಿತವಾಗಿದ್ದುಕೊಂಡೂ ಕ್ಷಮಿಸಬಹುದು.

ಹಣದ ಮಾತಿಗೆ ಪ್ರೇಷಿತ ಪೌಲರೇ ಸಾಕ್ಷಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ ಪೂರ್ತಿ ಪುನರುತ್ಥಾನದ ಮೇಲೆ, 58 ವಚನ. ಕೊನೆಯ ವಚನ, ಪ್ರಭುವಿನಲ್ಲಿ ನೀವು ಪಡುವ ದುಡಿಮೆ ವ್ಯರ್ಥವಲ್ಲ ಎಂಬುದು. ಮುಂದಿನ ವಾಕ್ಯವೇ ಜೆರುಸಲೇಮಿನ ಬಡ ವಿಶ್ವಾಸಿಗಳಿಗೆ ಸಂಗ್ರಹಿಸುವ ಹಣದ್ದು: ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಗಳಿಕೆಗೆ ತಕ್ಕಷ್ಟು ತೆಗೆದಿಡಲಿ. ಸಾವು ಸೋತ ಸುದ್ದಿಯಿಂದ ಅವರು ಉಸಿರು ಬಿಡದೆ ಹಣದ ಪೆಟ್ಟಿಗೆಗೆ ಬಂದುಬಿಟ್ಟರು. ತಪಸ್ಸುಕಾಲದಲ್ಲಿ ತೆಗೆದಿಟ್ಟದ್ದರ ಅರ್ಧವನ್ನಾದರೂ ಪ್ರತಿ ಭಾನುವಾರ ಮುಂದುವರಿಸಿ.

ಸಾವಿನ ಮನೆಗೆ ಹೋದಾಗ ಈ ವಿಶ್ವಾಸವನ್ನು ಒರಟಾಗಿ ಬಳಸುವವರಿದ್ದಾರೆ. ‘ಅಳಬೇಡಿ, ಪ್ರಭು ಎದ್ದಿದ್ದಾರೆ’ ಎಂದು ಬಾಯಿ ಮುಚ್ಚಿಸುತ್ತಾರೆ. ಪೌಲರು ಥೆಸಲೋನಿಕದವರಿಗೆ ಹೇಳಿದ್ದು ನಿರೀಕ್ಷೆ ಇಲ್ಲದವರಂತೆ ದುಃಖಿಸಬೇಡಿ ಎಂದು, ದುಃಖಿಸಲೇಬೇಡಿ ಎಂದಲ್ಲ. ಸಮಾಧಿಯ ಬಳಿ ಅಳುತ್ತಿದ್ದ ಮಗ್ದಲದ ಮರಿಯಳಿಗೆ ಯೇಸು ಉಪದೇಶ ಮಾಡಲಿಲ್ಲ. ಯಾಕೆ ಅಳುತ್ತೀ, ಯಾರನ್ನು ಹುಡುಕುತ್ತೀ ಎಂದು ಕೇಳಿದರು. ಆಕೆ ತೋಟದವನೆಂದುಕೊಂಡಳು. ಆಮೇಲೆ ‘ಮರಿಯ’ ಎಂದರು, ಆಗ ಆಕೆಗೆ ಗುರುತು ಸಿಕ್ಕಿತು. ಸಾವಿನ ಮನೆಯಲ್ಲಿ ನೀವೂ ತೀರಿಹೋದವರ ಹೆಸರು ಹಿಡಿದು ಮಾತಾಡಿ, ಅವರ ಬಗ್ಗೆ ಕೇಳಿ, ಅಳಲು ಬಿಡಿ.

ಜಾಗರಣೆಯ ರಾತ್ರಿ ಹೊಸ ಬೆಂಕಿಯಿಂದ ಹೊತ್ತಿಸಿದ ಪಾಸ್ಕ ಮೇಣದಬತ್ತಿಯ ಮೇಲೆ ಆ ವರ್ಷದ ಅಂಕಿಗಳಿರುತ್ತವೆ, ಐದು ಗಾಯಗಳ ಗುರುತಾಗಿ ಐದು ಧೂಪದ ಕಾಳುಗಳಿರುತ್ತವೆ. ಪೆಂತೆಕೋಸ್ತ್ ಆದ ಮೇಲೆ ಅದನ್ನು ಜ್ಞಾನಸ್ನಾನದ ತೊಟ್ಟಿಯ ಬಳಿ ಇಡುತ್ತಾರೆ. ಮಗುವಿಗೆ ಹೆಸರಿಟ್ಟು ಸ್ನಾನ ಕೊಟ್ಟ ಮೇಲೆ ಅದರ ಪುಟ್ಟ ಬತ್ತಿಯನ್ನು ಹೊತ್ತಿಸುವುದು ಈ ಜ್ವಾಲೆಯಿಂದ. ಅಂತ್ಯಕ್ರಿಯೆಯ ಪೂಜೆಯಲ್ಲಿ ಶವಪೆಟ್ಟಿಗೆಯ ಪಕ್ಕ ಉರಿಸಿಡುವುದೂ ಪಾಸ್ಕ ಮೇಣದಬತ್ತಿಯನ್ನೇ. ಆಗಲೂ ಗುರುಗಳು ಪ್ರಾರ್ಥಿಸುವುದು ಅಂದು ಇಟ್ಟ ಅದೇ ಹೆಸರನ್ನು ಕರೆದು.