ಮರಳುಗಲ್ಲಿಗೆ ಸಿಮೆಂಟ್ ಬೇಡ

ಪಟ್ಟದಕಲ್ಲು, ಐಹೊಳೆ ಗುಡಿಗಳದ್ದು ಮರಳುಗಲ್ಲು. ಇಂಥ ಕಲ್ಲಿನ ಸಂದಿಗೆ ಸಿಮೆಂಟ್ ಮೆತ್ತಿದರೆ ಗೋಡೆಯೊಳಗಿನ ತೇವ ಸಂದಿಯಲ್ಲಿ ಹೊರಬರಲಾಗದೆ ಕಲ್ಲಿನ ಮೈಯಿಂದಲೇ ಆರುತ್ತೆ. ತೇವದಲ್ಲಿ ಕರಗಿದ ಉಪ್ಪು ಕಲ್ಲಿನೊಳಗೇ ಹರಳುಗಟ್ಟಿ ಮೇಲ್ಮೈ ಹಪ್ಪಳದ ಹಾಗೆ ಏಳುತ್ತೆ. ಬೆರಳು ತಾಗಿದರೆ ಸಾಕು, ಮರಳು ಉದುರುತ್ತೆ. ಸುಮಾರು 1,300 ವರ್ಷ ಉಳಿದ ಉಳಿಯ ಗುರುತೂ ಅದರ ಜೊತೆ ಹೋಗುತ್ತೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಸಿಮೆಂಟನ್ನು ಮೆಷಿನ್ ಹಚ್ಚದೆ ಸಣ್ಣ ಉಳಿಯಲ್ಲಿ ಬಿಡಿಸಬೇಕು. ಡಿಸ್ಟಿಲ್ಡ್ ನೀರಲ್ಲಿ ನೆನೆಸಿದ ಕಾಗದದ ತಿರುಳನ್ನು ಕಲ್ಲಿನ ಮೇಲೆ ಮೆತ್ತಿ, ಒಣಗಿದ ಮೇಲೆ ತೆಗೆದರೆ ಉಪ್ಪು ಅದರೊಳಗೆ ಬಂದಿರುತ್ತೆ. ಒಂದೇ ಸಲಕ್ಕೆ ಮುಗಿಯಲ್ಲ. ಆಮೇಲೆ ಸಂದಿಗೆ 1 ಪಾಲು ಅರಳಿಸಿದ ಸುಣ್ಣ, 3 ಪಾಲು ತೊಳೆದ ಮರಳಿನ ಗಾರೆ. ಮೇಲೆ ಒದ್ದೆ ಗೋಣಿತಾಟು. ಬೇಗ ಒಣಗಿದರೆ ಬಿರುಕು ಗ್ಯಾರಂಟಿ.

ಗಟ್ಟಿಯಾಗಿದ್ದಷ್ಟೂ ಒಳ್ಳೇದು ಅನ್ನೋ ನಂಬಿಕೆ ಇಲ್ಲಿ ತಿರುಗುಮುರುಗು. ಗಾರೆ ಕಲ್ಲಿಗಿಂತ ಮೆದುವಾಗಿರಬೇಕು, ಸವೆಯೋದು ಅದೇ ಆಗಲಿ.